ಆನೆಯ ಮುಂದೆ ನಿಂತ ಹುಡುಗಿ

ಮಕ್ಕಳಿಗಾಗಿ ಬರೆಯುತ್ತೇನೆ ಎಂದು ಹೇಳಿಕೊಳ್ಳಲು ಈಗ ನನಗೆ ನಾಚಿಕೆಯಾಗುತ್ತದೆ. ಮೊದಲು ಹಾಗಿರಲಿಲ್ಲ. ನೀಲಗಿರಿಯ ಮಸಿನಗುಡಿಯ ಶಾಲೆಯಲ್ಲಿ ತಮಿಳಿನಲ್ಲಿ ಪಾಠ ಮಾಡಿ, ಮನೆಗೆ ಬಂದು ಕನ್ನಡದಲ್ಲಿ ಕಥೆ ಬರೆದು, ಕರೆದ ಕಡೆಗೆಲ್ಲ ಹೋಗಿ ಮಕ್ಕಳೆದುರು ಅದನ್ನು ಹೇಳಿ ಬರುವ ಟೀಚರ್ ಎಂಬ ಜಂಬ ಸಾಕಷ್ಟಿತ್ತು. ಶಾಲು ಹೊದಿಸುತ್ತಾರೆಂದರೆ ಎರಡು ದಿನ ಮೊದಲೇ ಸೀರೆ ಇಸ್ತ್ರಿ ಮಾಡಿಸಿಡುತ್ತಿದ್ದೆ.

ನನಗೆ ಹೆಚ್ಚು ಹೆಸರು ತಂದದ್ದು ಒಂದು ಆನೆಯ ಕಥೆ. ಅದರಲ್ಲಿ ಪುಟ್ಟ ಹುಡುಗಿಯೊಬ್ಬಳು ದಾರಿಗೆ ಅಡ್ಡ ಬಂದ ಆನೆಗೆ ಕೈಮುಗಿದು, “ಸ್ವಾಮಿ, ದಾರಿ ಬಿಡಪ್ಪ, ಸ್ಕೂಲಿಗೆ ಹೊತ್ತಾಯ್ತು” ಎನ್ನುತ್ತಾಳೆ. ಆನೆ ಸೊಂಡಿಲೆತ್ತಿ ಪಕ್ಕಕ್ಕೆ ಸರಿಯುತ್ತದೆ. ಇದು ನನ್ನ ತಲೆಯಲ್ಲೇ ಹುಟ್ಟಿದ್ದಲ್ಲ. ಹತ್ತಿರದ ಕಾಡಂಚಿನ ಮೋಯಾರ್ ಕಡೆಯ ಹಿರಿಯರು ಆನೆಯನ್ನು ಸ್ವಾಮಿ ಎಂದು ಮಾತಾಡಿಸುತ್ತಾರೆಂದು ಕೇಳಿದ್ದೆ. ಕೇಳಿದ್ದು ಅರ್ಧ, ಬರೆದದ್ದು ಪೂರ್ತಿ. ನಾನು ಬೆಳೆದದ್ದು ಕೂನೂರಿನ ಟೀ ಫ್ಯಾಕ್ಟರಿಯ ಪಕ್ಕ. ಕಾಡಾನೆಯನ್ನು ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದ.

ನನ್ನ ಐದನೇ ಕ್ಲಾಸಿನಲ್ಲಿ ಮೋಯಾರ್ ಕಡೆಯಿಂದ ಬರುವ ಒಬ್ಬ ಹುಡುಗಿ ಇದ್ದಳು. ಮಾತು ಕಡಿಮೆ, ಕಥೆ ಎಂದರೆ ಪ್ರಾಣ. ನನ್ನ ಆನೆ ಕಥೆಯಂತೂ ಅವಳಿಗೆ ಬಾಯಿಪಾಠವಾಗಿತ್ತು. ಒಂದು ದಿನ ಅವಳು ಬರಲಿಲ್ಲ. ಮರುದಿನ ಅವಳ ಅಜ್ಜಿ ಶಾಲೆಗೆ ಬಂದು ನಡೆದದ್ದನ್ನು ಹೇಳಿದರು. ಬಸ್ಸಿಗೆಂದು ಬರುವ ಕಾಲುದಾರಿಯಲ್ಲಿ ಪೊದೆಯ ಹಿಂದಿನಿಂದ ಆನೆ ಹೊರಬಂದಿತ್ತು. ಜೊತೆಗಿದ್ದ ಮಕ್ಕಳೆಲ್ಲ ಓಡಿದರು. ಇವಳು ಕೈಮುಗಿದು ನಿಂತಳು. ಹಿಂದೆ ಬರುತ್ತಿದ್ದ ಚಿಕ್ಕಪ್ಪ ಅವಳನ್ನು ಬಾಚಿ ಎತ್ತಿಕೊಂಡು ಓಡದಿದ್ದರೆ ಅವಳು ಉಳಿಯುತ್ತಿರಲಿಲ್ಲ. ಹೆದರಿಕೆಗೆ ಅವಳ ಯೂನಿಫಾರಂ ಒದ್ದೆಯಾಗಿತ್ತು. ಈಗ ಜ್ವರ ಬಂದು ಮಲಗಿದ್ದಳು.

“ನಾವೂ ಸ್ವಾಮಿ ಅಂತೀವಿ ಟೀಚರಮ್ಮ, ಇಲ್ಲ ಅನ್ನಕಿಲ್ಲ,” ಎಂದರು ಅಜ್ಜಿ. “ದೂರ್ದಲ್ಲಿ ದಿಣ್ಣೆ ಮ್ಯಾಲೆ ನಿಂತ್ಕಂಡು ಅಂತೀವಿ. ಓಡಾಕೆ ದಾರಿ ನೋಡ್ಕಂಡು ಅಂತೀವಿ. ಅದ್ನ ಯಾಕ್ ಬರೀನಿಲ್ಲ ನೀವು?”

“ತಪ್ಪಾಯ್ತಮ್ಮ” ಎಂದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಕೊಟ್ಟ ಟೀ ಕುಡಿದು, ಲೋಟ ತೊಳೆದಿಟ್ಟು ಹೋದರು.

ಇಷ್ಟಕ್ಕೇ ನಿಂತಿದ್ದರೆ ತಿಳಿಯದೆ ಆದ ತಪ್ಪು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಎರಡು ವಾರದ ನಂತರ ಕೂನೂರಿನಲ್ಲಿ ಮಕ್ಕಳಿಗೆ ಕಥೆ ಹೇಳಲು ಕರೆದರು. ಬೇರೆ ಕಥೆ ಹೇಳಬೇಕೆಂದೇ ಹೋಗಿದ್ದೆ. ಮಕ್ಕಳು ಆನೆ ಕಥೆಯೇ ಬೇಕೆಂದು ಹಟ ಹಿಡಿದರು. ನನಗೂ ಒಳಗೊಳಗೇ ಅದು ಬೇಕಿತ್ತು ಎನ್ನಿ. ಹೇಳಿ ಮುಗಿಸಿದಾಗ ಕನ್ನಡಕದ ಹುಡುಗಿಯೊಬ್ಬಳು ಎದ್ದು, “ಟೀಚರ್, ಇದು ನಿಜವಾ?” ಎಂದು ಕೇಳಿದಳು.

ಬರೀ ಕಥೆ ಎಂದಿದ್ದರೆ ಮುಗಿಯುತ್ತಿತ್ತು. “ನಿಜವೇ. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಮೊನ್ನೆ ಹೀಗೇ ನಿಂತಳು. ಒಂಚೂರೂ ಹೆದರಲಿಲ್ಲ. ಆನೆ ತಾನಾಗಿಯೇ ಹೋಯಿತು” ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಆಗ ಅವಳ ಒದ್ದೆ ಯೂನಿಫಾರಂ ನನಗೆ ನೆನಪಾಗಲಿಲ್ಲ ಎಂದು ಬರೆಯಬೇಕೆಂದಿದ್ದೆ. ನೆನಪಾಯಿತು. ಆದರೂ ನಗುನಗುತ್ತ ಎಲ್ಲರಿಗೂ ಕೈಮುಗಿದೆ.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ವಾರದೊಳಗೆ ಮಸಿನಗುಡಿಯ ಫೋನುಗಳಿಗೆಲ್ಲ ಬಂತು. ಜ್ವರ ಬಿಟ್ಟು ಶಾಲೆಗೆ ಬರತೊಡಗಿದ್ದ ಹುಡುಗಿ ತಲೆಯೆತ್ತಿ ನಡೆಯತೊಡಗಿದಳು. ಅವಳಿಗೆ ಗೆಳತಿಯರೂ ಹೆಚ್ಚಿದರು. ನನಗೆ ಖುಷಿಯೇ ಆಯಿತು, ಅವಳ ಚಿಕ್ಕಪ್ಪ ಬರುವ ತನಕ.

“ದಾರೀಲಿ ಮಕ್ಳೆಲ್ಲ ಇವ್ಳನ್ನೇ ಮುಂದೆ ಬಿಟ್ಕಂಡ್ ಬರ್ತಾವೆ ಟೀಚರ್. ಆನೆ ಬಂದ್ರೆ ಇವ್ಳು ಮಾತಾಡ್ತಾಳಂತೆ. ನಾವ್ ಯೋಳಿದ್ರೆ ಕೇಳಕಿಲ್ಲ, ನೀವೇ ಯೋಳ್ಬೇಕು. ಇನ್ನೊಂದ್ ಸಲ ನಾನ್ ಹಿಂದ್ಗಡೆ ಇರ್ತೀನಾ?”

ಮರುದಿನ ಪ್ರಾರ್ಥನೆ ಮುಗಿದ ಕೂಡಲೇ ಕ್ಲಾಸಿಗೆ ಹೋದೆ. ಆಗಲೂ ನೆಟ್ಟಗೆ ಹೇಳಲು ಬಾಯಿ ಬರಲಿಲ್ಲ. ಅವಳೇ ಹೇಳಿದರೆ ನಾನು ಒಪ್ಪಿಕೊಳ್ಳುವುದು ತಪ್ಪುತ್ತದೆಂದು, “ಆವತ್ತು ನಿನಗೆ ಹೆದರಿಕೆ ಆಗಿತ್ತಲ್ವಾ?” ಎಂದು ಕೇಳಿದೆ.

ಅವಳು ನನ್ನನ್ನೇ ನೋಡಿದಳು. “ಇಲ್ಲ ಟೀಚರ್. ನೀವ್ ಯೋಳಿದಂಗೇ ಆಯ್ತು.”

ನನ್ನ ಮಾನ ಕಾಯಲು ಹಾಗೆಂದಳೋ, ತನ್ನದನ್ನು ಕಾಯಲೋ, ಇವತ್ತಿಗೂ ಗೊತ್ತಿಲ್ಲ. ಸಂಜೆ ಅವಳು ಅದೇ ದಾರಿಯಲ್ಲಿ ಎಲ್ಲರ ಮುಂದೆ ನಡೆಯಬೇಕಿತ್ತು.

“ನಾನು ಸುಳ್ಳು ಹೇಳಿದೆ,” ಎಂದೆ ಇಡೀ ಕ್ಲಾಸಿಗೆ. “ಆನೆ ತಾನಾಗಿ ಹೋಗಲಿಲ್ಲ. ಇವಳು ಹೆದರಿ ನಡುಗುತ್ತಿದ್ದಳು. ಚಿಕ್ಕಪ್ಪ ಎತ್ತಿಕೊಂಡು ಓಡಿದ್ದರಿಂದ ಬದುಕಿದ್ದಾಳೆ. ಆನೆ ಕಂಡರೆ ಯಾರೂ ನಿಲ್ಲಬಾರದು, ಮಾತಾಡಿಸಬಾರದು. ದೊಡ್ಡವರು ಇಲ್ಲದೆ ಆ ದಾರಿಯಲ್ಲಿ ಬರಲೇಬಾರದು.”

ಕಿಟಕಿಯ ಕಡೆಯಿಂದ ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು ಸೇರಿಕೊಂಡರು, ನೋಡುನೋಡುತ್ತ ಇಡೀ ಕ್ಲಾಸು ನಗತೊಡಗಿತು. ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡವಳು ನಾನು. ಮಕ್ಕಳು ನಕ್ಕದ್ದು ಅವಳನ್ನು ನೋಡಿ.