ಬಾವಿಯ ಕಾಲಂ ಮತ್ತು ಮಾಲಿನಿ ಅಕ್ಕೋರು

ಕುಮಟಾದಿಂದ ಹೊರಟ ಮೊದಲ ಬಸ್ಸು ಕಾಗಾಲ ಮುಟ್ಟುವಾಗ ಬೆಳಕು ಇನ್ನೂ ಸರಿಯಾಗಿ ಹರಿದಿರುವುದಿಲ್ಲ. ಅದರಿಂದ ಇಳಿದು, ಅಲ್ಲಿನ ಪ್ರಾಥಮಿಕ ಶಾಲೆಯ ಬೀಗ ತೆಗೆದು ಮಾಲಿನಿ ಮೊದಲು ಹಳೆಯ ಕಂಪ್ಯೂಟರನ್ನು ಚಾಲೂ ಮಾಡುತ್ತಾರೆ. ಅದು ಮೈಮುರಿದು ಏಳುವಷ್ಟರಲ್ಲಿ ಅವರು ಅಂಗಳ ಗುಡಿಸಿ ಮುಗಿಸಿರುತ್ತಾರೆ.

ಅವರು ಅತಿಥಿ ಶಿಕ್ಷಕಿ, ಊರಿನವರ ಬಾಯಲ್ಲಿ 'ಅಕ್ಕೋರು'; ಬೇಸಿಗೆ ರಜೆಗೆ ಸಂಬಳವಿಲ್ಲ. ಕಂಪ್ಯೂಟರ್ ಕಲಿಸಿ ಎಂದು ಯಾರೂ ಹೇಳಿದ್ದಲ್ಲ. "ಮಕ್ಕಳು ಬರೀ ಆಟ ಆಡ್ತಿದ್ರು. ಮಾಹಿತಿ ಕೂಡಿಸೋದು, ಹುಡುಕೋದು ಕಲೀಲಿ ಅಂತ ಸುರು ಮಾಡ್ದೆ" ಎನ್ನುತ್ತಾರೆ. ಐದನೇ ತರಗತಿಯ ಹತ್ತೊಂಬತ್ತು ಮಕ್ಕಳು ಕಟ್ಟಿದ ಡೇಟಾಬೇಸಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು: ಹೆಸರು, ಮನೆಯಲ್ಲಿ ಎಷ್ಟು ಜನ, ದನ ಇದೆಯೇ, ಬಾವಿ ಇದೆಯೇ.

ಆ ಕೊನೆಯ ಕಾಲಂ ನೆನೆದರೆ ಇವತ್ತಿಗೂ ಅವರ ಮುಖ ಇಳಿಯುತ್ತದೆ. ಬೇಕಾದ ಸಾಲನ್ನಷ್ಟೇ ಹೆಕ್ಕುವ ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆಂದು ತೋರಿಸುವ ಉಮೇದಿನಲ್ಲಿ ಒಂದು ದಿನ 'ಬಾವಿ ಇಲ್ಲ' ಎಂದು ಒತ್ತಿದರು. ಉಳಿದ ಸಾಲುಗಳೆಲ್ಲ ಮಾಯವಾಗಿ ಪರದೆಯ ಮೇಲೆ ಒಂದೇ ಹೆಸರು ನಿಂತಿತು: ಧನ್ಯಾ. ತರಗತಿ ಒಕ್ಕೊರಲಿನಿಂದ ಅದನ್ನು ಓದಿತು. ಮಾಲಿನಿ ಶಾಬಾಸ್ ಎಂದರು. ಮರುದಿನದಿಂದ ಧನ್ಯಾ ಶಾಲೆಗೆ ಬರಲಿಲ್ಲ.

ಅವರು ಮನೆ ಹುಡುಕಿಕೊಂಡು ಹೋದರು. ನೆರೆಮನೆಯ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದ ತಾಯಿ ಗಂಗೆ ಬೈಯಲಿಲ್ಲ. "ಕೂತ್ಕಳಿ ಅಕ್ಕೋರೆ, ಬಿಸಿಲಲ್ಲಿ ಬಂದ್ರಿ" ಎಂದು ಅದೇ ನೀರನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು ಎಂದು ಮಾಲಿನಿಗೆ ಅನಿಸಿತು.

ಬಾಗಿಲ ಹಿಂದೆ ನಿಂತಿದ್ದ ಧನ್ಯಾ ಮೆಲ್ಲಗೆ ಕೇಳಿದಳು: "ಕುಮಟೇಲಿ ನಿಮ್ಮ ರೂಮಿಗೂ ಬಾವಿ ಇಲ್ಲ ಅಂತ ನೀವೇ ಹೇಳಿದ್ರಿ. ನಿಮ್ಮ ಹೆಸ್ರು ಎಂತಕ್ಕೆ ಹಾಕಿಲ್ಲ? ಹಾಕಿದ್ರೆ ನಾ ಒಬ್ಳೇ ಆಗ್ತಿರ್ಲಿಲ್ಲ."

"ನಾನು ಕಲಿಸೋಳು, ಪಟ್ಟೀಲಿ ಬರೋರು ಮಕ್ಕಳು ಅಂದ್ಕಂಡಿದ್ದೆ" ಎಂದು ಈಗ ಹೇಳುವಾಗ ಮಾಲಿನಿಯ ಕಣ್ಣು ನೆಲದ ಮೇಲಿರುತ್ತದೆ. ನಾಚಿಕೆಯನ್ನು ಅವರು ಮುಚ್ಚಿಡುವುದಿಲ್ಲ.

ವಾರ ಕಳೆದು ಧನ್ಯಾ ಮರಳಿದ್ದಾಳೆ. ಆದರೆ ಕಂಪ್ಯೂಟರಿನ ಹತ್ತಿರ ಸುಳಿಯುವುದಿಲ್ಲ, ಕಿಟಕಿಯ ಪಕ್ಕ ಕೂತು ಪಾಠ ಕೇಳುತ್ತಾಳೆ. ಮಾಲಿನಿ ಮಕ್ಕಳ ಸಾಲುಗಳಲ್ಲಿ ಬಾವಿಯ ಖಾನೆಯನ್ನು ಅಳಿಸಿ ಖಾಲಿ ಬಿಟ್ಟಿದ್ದಾರೆ. ಈಗ ಪಟ್ಟಿಯ ಮೊದಲ ಸಾಲು ಅವರದ್ದೇ: ಮಾಲಿನಿ, ಮನೆಯಲ್ಲಿ ಒಬ್ಬಳು, ದನ ಇಲ್ಲ, ಬಾವಿ ಇಲ್ಲ.

ಹೀಗೆ ಪತ್ರಿಕೆಯಲ್ಲಿ ಹೆಸರು ಬರುವುದರ ಬಗ್ಗೆ ಅವರಿಗೆ ಅಂಥ ಆಸೆಯೇನಿಲ್ಲ. "ಒಂದಿನ ಧನ್ಯಾನೇ ಬಂದು ಆ 'ಬಾವಿ ಇಲ್ಲ' ಬಟನ್ ಒತ್ಲಿ. ನನ್ನ ಹೆಸ್ರೊಂದೇ ಬತ್ತದೆ. ಎಲ್ರೂ ಒಟ್ಟಿಗೆ ಓದ್ಲಿ" ಎನ್ನುತ್ತಾರೆ.