ಊಟವಾದ ಮೇಲಿನ ಗುಳಿಗೆ

ಮಹಾರಾಷ್ಟ್ರದ ಲಾಸಲಗಾಂವ್‌ನ ಈರುಳ್ಳಿ ಮಾರುಕಟ್ಟೆಯ ಹಿಂದೆ, ಹಮಾಲರ ತಗಡಿನ ಮನೆಗಳಲ್ಲಿ ಬಸುರಿ ಬಾಣಂತಿಯರನ್ನು ವಿಚಾರಿಸುವ ಆಶಾ ಕಾರ್ಯಕರ್ತೆ ಬೀದರಿನ ಕಸ್ತೂರಿಬಾಯಿ. ಅಲ್ಲಿಯ ಮಹಾನಂದಾ ಕಳೆದ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತು ಬದುಕಿದ್ದಳು. ಮತ್ತೆ ಬಸುರಾದರೆ ಜೀವ ಉಳಿಯದೆಂದು ಕಸ್ತೂರಿಬಾಯಿಯೇ ದಿನಕ್ಕೊಂದರಂತೆ ನುಂಗಲು ಗರ್ಭ ನಿಲ್ಲದ ಗುಳಿಗೆ ಕೊಟ್ಟಿದ್ದಳು. ಇವತ್ತು ಹೋಗಿ ನೋಡಿದರೆ ಅವಳಿಗೆ ಮೂರು ತಿಂಗಳು.

“ಗುಳಿಗಿ ಯಾಕ ಬಿಟ್ಟಿ, ನಮ್ಮವ್ವಾ?” ಕಸ್ತೂರಿಬಾಯಿ ಸಿಡುಕಿದಳು.

“ಬಿಟ್ಟಿಲ್ರೀ ಅಕ್ಕಾ. ಊಟ ಆದಮ್ಯಾಗ ತಗೋ ಅಂತ ನೀವೇ ಹೇಳಿದ್ರಿ. ಸೋಮವಾರ ಉಪವಾಸ, ಊಟಾನೇ ಇರಲ್ಲ. ಅದೊಂದಿನ ಅಷ್ಟೇ ತಗೊಳ್ಳಲ್ರಿ.”

ಹದಿನೈದು ವರ್ಷಗಳಿಂದ ಕಸ್ತೂರಿಬಾಯಿಯೂ ಸೋಮವಾರ ಉಪವಾಸ ಮಾಡುವವಳೇ. ಅದೇ ಸಾಲಿನ ಇನ್ನೂ ಹನ್ನೊಂದು ಮನೆಗಳಲ್ಲಿ ಅವಳು ಅದೇ ಮಾತು ಹೇಳಿ ಗುಳಿಗೆ ಕೊಟ್ಟು ಬಂದಿದ್ದಳು.