ಗುರಲಿಂಗಪ್ಪ ಇಟಲಿಯಿಂದ ತಂದ ಸೇಡು

ಎರಡನೆಯ ಮಹಾಯುದ್ಧದಲ್ಲಿ ದಂಡಿಗೆ ಹೋಗಿ ಬದುಕಿ ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಬಬಲೇಶ್ವರದ ಒಬ್ಬ ಕೈಗಡಿಯಾರ ತಂದ. ಟಿಕೋಟಿಯವನೊಬ್ಬ ಮೊಣಕಾಲು ಮುಟ್ಟುವ ಉಣ್ಣೆಯ ಕೋಟು ತಂದು, ಬಿರುಬೇಸಿಗೆಯಲ್ಲೂ ಅದನ್ನೇ ತೊಟ್ಟು ಸಂತೆಗೆ ಹೋಗುತ್ತಿದ್ದ. ನಿಡೋಣಿಯ ಗುರಲಿಂಗಪ್ಪ ನಾಲ್ಕೂವರೆ ವರ್ಷ ಊರು ಬಿಟ್ಟು ತಂದದ್ದು ಇಟಲಿ ಭಾಷೆಯ ಮೂರು ಕ್ರಿಯಾಪದ. ಮಾರಲು ಹೋದರೆ ಕೊಳ್ಳುವವರಿಲ್ಲ, ಹೊದ್ದರೆ ಬೆಚ್ಚಗಾಗುವುದಿಲ್ಲ. ಆದರೂ ಮಡಿಚಿಟ್ಟ ಚೂರಿಯ ಹಾಗೆ ಅವನ್ನು ಜೋಪಾನವಾಗಿ ತಂದಿದ್ದ. ಯಾರಿಗೆಂದು ಗೊತ್ತಿತ್ತು: ಬಿಜಾಪುರದ ಸೊಲ್ಲಾಪುರ ರಸ್ತೆಯ ಮೋಟಾರು ದುರಸ್ತಿ ಕಾರ್ಖಾನೆಯ ಮಾಲೀಕ ಮಲಕಾಜಪ್ಪನಿಗೆ.

ವೈರ ಹುಟ್ಟಿದ್ದು ನಲವತ್ತೊಂದರ ದೀಪಾವಳಿಯ ಸುಮಾರಿಗೆ. ಪೆಟ್ರೋಲು ಸರಕಾರಿ ಚೀಟಿಯ ಮೇಲೆ ಮಾತ್ರ, ಅಳತೆಯಲ್ಲಿ, ಸಿಗತೊಡಗಿತ್ತು. ದಂಡಿಗೆ ಒಬ್ಬ ಡ್ರೈವರನನ್ನು ಕೊಟ್ಟವನಿಗೆ ಚೀಟಿ ಧಾರಾಳವಾಗಿ ಸಿಗುತ್ತದೆ ಎಂದು ಯಾರೋ ಮಲಕಾಜಪ್ಪನ ಕಿವಿಯಲ್ಲಿ ಊದಿದರು. ಕಾರ್ಖಾನೆಯಲ್ಲಿ ಆಳಾಗಿದ್ದ ಗುರಲಿಂಗಪ್ಪನಿಗೆ ಗಾಡಿ ಓಡಿಸಲು ಬರುತ್ತಿತ್ತು; ಮಾಲೀಕನ ಮಗನಿಗೂ ಬರುತ್ತಿತ್ತು. ಆದರೆ ಮಗ ಮಗನೇ, ಆಳು ಆಳೇ.

"ಬೆಳಗಾವಿಗೆ ಹೋಗಿ ಆರು ತಿಂಗಳ ದೊಡ್ಡ ಗಾಡಿ ಕಲತ ಬಾರೋ ತಮ್ಮಾ. ಸರಕಾರಿ ಲೈಸನ್ಸ ಕೊಡ್ತಾರ. ಇಲ್ಲೊಂದು ಸಹಿ ಮಾಡು," ಎಂದು ಮಲಕಾಜಪ್ಪ ಕಾಗದ ಮುಂದಿಟ್ಟ.

ಕಾಗದ ಇಂಗ್ಲೀಷಿನಲ್ಲಿತ್ತು. ಗುರಲಿಂಗಪ್ಪ ಕಲಿತದ್ದು ನಿಡೋಣಿಯ ಕನ್ನಡ ಸಾಲೆಯ ನಾಲ್ಕನೆಯ ಇಯತ್ತೆ. ದುಂಡಗೆ ತನ್ನ ಹೆಸರು ಬರೆದು, ಕೆಳಗೊಂದು ಗೆರೆ ಎಳೆದ. ಗೆರೆ ಎಳೆದದ್ದು ಮಾತ್ರ ಅವನ ಸ್ವಂತ ಬುದ್ಧಿ. ಮೋಸ ಹೋಗುವುದಾದರೂ ಅಚ್ಚುಕಟ್ಟಾಗಿ ಹೋಗಬೇಕೆನ್ನುವವರ ಪೈಕಿ ಅವನು.

ಸಹಿ ಬಿದ್ದದ್ದು ದಂಡಿನ ಕಾಗದಕ್ಕೆ. ಎಂಟು ತಿಂಗಳು ಕಳೆಯುವಷ್ಟರಲ್ಲಿ ಆಫ್ರಿಕದ ಮರಳಿನಲ್ಲಿ ವೈರಿಗಳ ಎದುರು ಎರಡೂ ಕೈ ಎತ್ತಿ ನಿಂತಿದ್ದ. ಆಮೇಲೆ ಹಡಗು. ಆಮೇಲೆ ಇಟಲಿಯ ಒಂದು ಗುಡ್ಡದ ಬುಡದಲ್ಲಿ ಮುಳ್ಳುತಂತಿಯ ಬೇಲಿ. ಆ ಬೇಲಿಯೊಳಗೆ ಕೂತು ಅವನು ಪ್ರತಿಜ್ಞೆ ಮಾಡಿದ: ಇನ್ನು ಮೇಲೆ ತಿಳಿಯದ ಭಾಷೆಯಲ್ಲಿ ತನ್ನನ್ನು ಯಾರೂ ಮೋಸಗೊಳಿಸಬಾರದು. ಇಂಗ್ಲೀಷು ಕಲಿಯಬೇಕಾಗಿತ್ತು, ನಿಜ. ಆದರೆ ಅಲ್ಲಿ ಪುಕ್ಕಟೆ ಸಿಗುತ್ತಿದ್ದದ್ದು ಇಟಲಿಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆ ಹಾಕಿದವನು ತಾನೇ ಎಂದು ಅವನು ಮುಂದೆ ಎಷ್ಟೋ ಸಲ ಹೇಳಿಕೊಂಡ.

ಪುಕ್ಕಟೆ ಎಂದದ್ದೂ ಪೂರ್ತಿ ಖರೆಯಲ್ಲ. ಕಲಿಸಿದವನು ಒಬ್ಬ ಮುದಿ ಪಹರೆಯವನು. ಮೊದಲು ಸಾಲೆಯ ಮಾಸ್ತರನಾಗಿದ್ದನಂತೆ; ಬಂದೂಕನ್ನು ಊರುಗೋಲಿನ ಹಾಗೆ ನೆಲಕ್ಕೆ ಊರಿ ನಿಲ್ಲುತ್ತಿದ್ದ. ಕೈದಿಗಳಿಗೆ ಬರುವ ಪೊಟ್ಟಣದಲ್ಲಿನ ಸಾಬೂನಿನ ಅರ್ಧ ತುಂಡು ಕೊಟ್ಟರೆ ಒಂದು ಕ್ರಿಯಾಪದ. ಏನು ಬೇಕು ಎಂದು ಅವನು ಸನ್ನೆಯಲ್ಲಿ ಕೇಳಿದಾಗ ಗುರಲಿಂಗಪ್ಪ ಒಂದು ಕೈಯಿಂದ ತನ್ನದೇ ಬೆನ್ನು ಸವರಿ, ಇನ್ನೊಂದರಿಂದ ತನ್ನದೇ ಜೇಬಿಗೆ ಕೈ ಹಾಕಿ ತೋರಿಸಿದ. ಮಾಸ್ತರ ನಕ್ಕ. ಇಂಗನ್ನಾರೆ, ಎಂದ. ಮೋಸ ಮಾಡುವುದು. ಆ ಭಾಷೆಯ ಕ್ರಿಯಾಪದಗಳಿಗೆ ಮೂರು ಮನೆತನ; ಇದು ಮೊದಲನೆಯದರ ಪದ. ನಂಬುವುದಕ್ಕೆ ಕ್ರೇದೆರೆ, ಅದು ಎರಡನೆಯ ಮನೆತನ. ಹೊರಟುಹೋಗುವುದಕ್ಕೆ ಪಾರ್ತೀರೆ, ಮೂರನೆಯದು. ಅವನು ಮೋಸ ಮಾಡಿದ, ನಾನು ನಂಬಿದೆ, ನಾನು ಹೊರಟೆ: ಗುರಲಿಂಗಪ್ಪನ ಜೀವನಚರಿತ್ರೆ ಒಂದೂವರೆ ಸಾಬೂನಿಗೆ ಮುಗಿಯಿತು.

ಮೂರೂ ನೇಮ ತಪ್ಪದ ಪದಗಳು, ಒಂದರ ದಾರಿ ಕಲಿತರೆ ಆ ಮನೆತನದ ಸಾವಿರ ಪದ ಬಂದಂತೆ ಎಂದು ಮಾಸ್ತರ ವಿವರಿಸಿದ. ಮೋಸವೂ ನೇಮದಂತೆ ನಡೆಯುತ್ತದೆ ಎಂಬುದು ಗುರಲಿಂಗಪ್ಪನಿಗೆ ಹಿಡಿಸಿತು. ಇಂಗನ್ನೊ, ಮೋಸ ಮಾಡುತ್ತೇನೆ. ಇಂಗನ್ನಿ, ಮಾಡುತ್ತೀ. ಇಂಗನ್ನ, ಮಾಡುತ್ತಾನೆ. ಆಮೇಲೆ ಹಿಂದೆ ದಿನಾಲೂ ಮಾಡುತ್ತಿದ್ದದ್ದು: ಇಂಗನ್ನಾವೊ, ಇಂಗನ್ನಾವಿ, ಇಂಗನ್ನಾವ. ಮುಂದೆ ಮಾಡುವುದು: ಇಂಗನ್ನೆರೋ. ಕಾಲಗಳು ಮುಗಿದ ಮೇಲೆ ರೀತಿಗಳು ಬಂದವು. ಅಪ್ಪಣೆಯ ರೀತಿ, ಅದರಲ್ಲಿ 'ನಾನು' ಇಲ್ಲ. ತನಗೆ ತಾನೇ ಅಪ್ಪಣೆ ಕೊಡಲು ಬರುವುದಿಲ್ಲವಂತೆ. ಹೀಗಾಗಲಿ ಎಂದು ಬಯಸುವ ರೀತಿ. ಹಾಗಾಗಿದ್ದರೆ ಹೀಗಾಗುತ್ತಿತ್ತು ಎನ್ನುವ ರೀತಿ. ಈ ಕೊನೆಯದರಲ್ಲಿ ಗುರಲಿಂಗಪ್ಪ ಒಂದು ಇಡೀ ಚಳಿಗಾಲ ವಾಸವಾಗಿದ್ದ.

ನಲವತ್ತಾರರ ಬೇಸಿಗೆಯಲ್ಲಿ ನಿಡೋಣಿಗೆ ಬಂದರೆ ಮನೆಗೆ ಕೀಲಿ ಬಿದ್ದಿತ್ತು. ಅವ್ವ ಮುರಿಗೆವ್ವ ತೀರಿ ಎರಡು ವರ್ಷವಾಗಿತ್ತು. ಏನಾಯಿತೆಂದು ಹೇಳಿದವನು ಕಾರ್ಖಾನೆಯ ಹಳೆಯ ಫಿಟ್ಟರ್ ಬುಡ್ಡೇಸಾಬ.

"ನಿಮ್ಮವ್ವ ಮೂರು ಸಲ ಬಂದಿದ್ಳು. ಬುತ್ತಿ ಕಟಗೊಂಡು. ಮಗಾ ಎಲ್ಲಿ ಅದಾನ ಅಂತ ಕೇಳಿದ್ರ, ಬೆಳಗಾವಿಯಿಂದ ಓಡಿ ಹೋಗ್ಯಾನ, ಯಾವಾಕಿ ಬೆನ್ನ ಹತ್ಯಾನೋ ಏನೋ ಅಂದ್ರು ಸಾವಕಾರ್ರು."

"ನಾ ಕಾರ್ಡ ಬರದಿದ್ನಲ್ಲ ಕಾಕಾ. ಅವ್ವಗ ಓದಾಕ ಬರೂದಿಲ್ಲಂತ ಕಾರ್ಖಾನೆ ವಿಳಾಸಕ್ಕ. ಮೂರು."

"ಮೂರು ಬಂದಾವು. ನಾ ಓದಾಂವಲ್ಲ. ಗಾಡಿ ಕಂಪನಿ ಕಾಗದ ಅಂತ ಹೇಳಿ ಪೆಟಿಗ್ಯಾಗ ಹಾಕಿದ್ರು."

ಮಗ ಓಡಿಹೋದನೆಂದು ನಂಬಿಯೇ ಅವ್ವ ಸತ್ತಳು. ಅಂದಿನಿಂದ ಗುರಲಿಂಗಪ್ಪನಿಗೆ ಬೇಕಾದದ್ದು ಒಂದೇ. ಸುಳ್ಳು ಹೇಳಿದೆ ಎನ್ನುವ ಮಾತು ಮಲಕಾಜಪ್ಪನ ಬಾಯಿಂದಲೇ, ನಾಲ್ಕು ಜನರ ಎದುರಿಗೆ ಹೊರಬೀಳಬೇಕು. 

ಹಲ್ಲು ಕಚ್ಚಿಕೊಂಡು ಕಾರ್ಖಾನೆಯ ಬಾಗಿಲಲ್ಲಿ ಹೋಗಿ ನಿಂತ. ಮಲಕಾಜಪ್ಪ ಕನ್ನಡಕದ ಮೇಲಿಂದ ನೋಡಿ, "ಬಂದ್ಯಾ? ಚಲೋ ಆತು. ಹೊನವಾಡದ ಗಾಡಿ ಹೊತ್ತವಲ್ದು, ಪಂಖಾ ತಿರುವು," ಎಂದ. ಇಂಥ ಹೊತ್ತಿಗೆ ಆಡಬೇಕಾದ ಮಾತನ್ನು ಎಲ್ಲ ಕಾಲಗಳಲ್ಲಿ, ಎಲ್ಲ ರೀತಿಗಳಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದವನ ಕೈ ತಾನಾಗಿಯೇ ಹೋಗಿ ಪಂಖದ ಹಿಡಿಕೆ ಹಿಡಿಯಿತು. ಸೇಡಿಗೆ ಬಂದವನು ಪಗಾರಕ್ಕೆ ನಿಂತ. ಹೊಟ್ಟೆ ಎನ್ನುವುದು ಅಪ್ಪಣೆಯ ರೀತಿಯನ್ನು ಮಾಸ್ತರನಿಗಿಂತ ಚೆನ್ನಾಗಿ ಬಲ್ಲದು.

ಆಗ ಬಹಳಷ್ಟು ಗಾಡಿಗಳು ಇದ್ದಲಿಯ ಗ್ಯಾಸಿನ ಮೇಲೆ ಓಡುತ್ತಿದ್ದವು. ಹಿಂದೆ ಕಟ್ಟಿದ ಒಲೆಯಲ್ಲಿ ಇದ್ದಲಿ ಹೊತ್ತಿಸಿ, ಇಪ್ಪತ್ತು ಮಿನಿಟು ಪಂಖಾ ತಿರುವಿದ ಮೇಲೆ ಎಂಜಿನ್ನು ಕೆಮ್ಮಿ ಏಳುತ್ತಿತ್ತು. ಆ ಇಪ್ಪತ್ತು ಮಿನಿಟು ಗುರಲಿಂಗಪ್ಪ ಮಲಕಾಜಪ್ಪನ ಮುಖವನ್ನೇ ನೋಡುತ್ತ, ತಿರುವಿನ ತಾಳಕ್ಕೆ ಸರಿಯಾಗಿ ಬೈಯತೊಡಗಿದ. ಇಂಗನ್ನಿ, ಇಂಗನ್ನಾವಿ. ಎದುರಿಗೇ ಬೈದೂ ಏಟು ತಿನ್ನದೆ ಉಳಿಯಲು ತನ್ನ ಧೈರ್ಯಕ್ಕೆ ಇದೊಂದೇ ದಾರಿ ಎಂದು ಅವನಿಗೆ ಗೊತ್ತಿತ್ತು. ಒಂದು ಮುಂಜಾನೆ ಯಾರ ಕೈಗೂ ಬಗ್ಗದ ಹೊನವಾಡದ ಬಸ್ಸು 'ಇಂಗನ್ನಾವಿ' ಎನ್ನುತ್ತಿದ್ದಂತೆಯೇ ಗುಡುಗುಟ್ಟಿ ಎದ್ದುಬಿಟ್ಟಿತು.

ಮಲಕಾಜಪ್ಪ ಎದ್ದು ಬಂದ. "ಏನಂತೀಯಲೇ ಅದು?"

"ಮಿಲಿಟ್ರಿ ಮಂತ್ರರಿ ಸಾವಕಾರ್ರ. ಗಾಡಿ ಕೈಕೊಟ್ರ ಅಲ್ಲಿ ಇದನ್ನ ಅಂತಾರ."

"ನನಗೂ ಹೇಳಿಕೊಡು."

ದೇವರು ಇಷ್ಟು ಹತ್ತಿರ ಬಂದು ಕೈ ಚಾಚುತ್ತಾನೆಂದು ಗುರಲಿಂಗಪ್ಪ ಎಣಿಸಿರಲಿಲ್ಲ. "ಮಾಲಕರು ಅನ್ನೋ ಮಂತ್ರ ಬ್ಯಾರೆ ಐತ್ರಿ," ಎಂದು 'ನಾನು'ವಿನ ಸಾಲನ್ನಷ್ಟೇ ಕಲಿಸಿದ. "ಇಂಗನ್ನೊ. ಇಂಗನ್ನಾವೊ. ಇಂಗನ್ನೆರೋ. ದಿನಾ ಜಳಕಾ ಮಾಡಿ ಇಪ್ಪತ್ತೊಂದು ಸಲ ಅನಬೇಕು. ಅಕ್ಷರ ತಪ್ಪಬಾರದು."

ಮೂರು ತಿಂಗಳು ಮಲಕಾಜಪ್ಪ ಹಣೆಗೆ ವಿಭೂತಿ ಹಚ್ಚಿಕೊಂಡು, ಬಂದ ಗಿರಾಕಿಗಳ ಎದುರು, ಮೋಸ ಮಾಡುತ್ತೇನೆ, ಮೋಸ ಮಾಡುತ್ತಿದ್ದೆ, ಮುಂದೆಯೂ ಮೋಸ ಮಾಡುತ್ತೇನೆ ಎಂದು ಕಂಚಿನ ಕಂಠದಲ್ಲಿ ಹೇಳಿದ. ಗುರಲಿಂಗಪ್ಪ ಗಾಡಿಯ ಕೆಳಗೆ ಮಲಗಿ ಬಾಯಿಗೆ ಎಣ್ಣೆಯ ಅರಿವೆ ತುರುಕಿಕೊಂಡು ನಗುತ್ತಿದ್ದ. ಮೊದಲ ತಿಂಗಳು ಹೋಳಿಗೆ ಉಂಡ ಹಾಗಿತ್ತು. ಎರಡನೆಯ ತಿಂಗಳು ತಂಗಳು. ಮೂರನೆಯದರಲ್ಲಿ ಬುಡ್ಡೇಸಾಬನ ಹತ್ತಿರ ಗುಟ್ಟು ಬಿಚ್ಚಿದ.

ಬುಡ್ಡೇಸಾಬ ನಗಲಿಲ್ಲ. "ಕೇಳಾಂವ ನೀ ಒಬ್ಬಾವ. ತಿಳಿಯಾಂವ ನೀ ಒಬ್ಬಾವ. ಇದರಾಗ ಅವರದೇನ ಹೋತು ತಮ್ಮಾ? ನಿಮ್ಮವ್ವಗ ಸುಳ್ಳ ಹೇಳಿದ್ದು ಕನ್ನಡದಾಗ."

ಈ ಮಾತು ಗುರಲಿಂಗಪ್ಪನಿಗೆ ಎಂಟು ದಿನ ಊಟ ಸೇರದಂತೆ ಮಾಡಿತು.

ಬನ್ನಿಯ ಹಬ್ಬ ಬಂತು. ಆ ದಿನ ಊರಲ್ಲಿ ಎಂಥ ಹಾವು ಮುಂಗುಸಿಯಾದರೂ ಬನ್ನಿ ಎಲೆ ಕೊಟ್ಟು, ಬನ್ನಿ ತೆಗೆದುಕೊಂಡು ಒಂದಾಗಬೇಕು. ಚಾಚಿದ ಬನ್ನಿಯನ್ನು ಯಾರೂ ಒಲ್ಲೆ ಎನ್ನುವುದಿಲ್ಲ. ಎಲೆ ಹಿಡಿದ ಕೈ ಹಾಗೇ ಹಿಂದೆ ಬಂದರೆ ವರ್ಷವಿಡೀ ವ್ಯಾಪಾರ ಕೂಡುವುದಿಲ್ಲವೆಂದು ಸೊಲ್ಲಾಪುರ ರಸ್ತೆಯ ಅಂಗಡಿಯವರೆಲ್ಲ ನಂಬಿದ್ದರು. ಹೊತ್ತು ಇಳಿದಾಗ ಮಲಕಾಜಪ್ಪ ಕಾರ್ಖಾನೆಯ ಬಾಗಿಲಲ್ಲಿ ಜಮಖಾನೆ ಹಾಸಿ ಕೂತ. ಟಿಕೋಟಿ, ಹೊನವಾಡದ ಗಾಡಿ ಮಾಲೀಕರು ಬಂದರು. ಹತ್ತು ಹನ್ನೆರಡು ಜನ. ಯಾರೋ ಮಂತ್ರ ಹೇಳಿರೆಂದರು. ಮಲಕಾಜಪ್ಪ ಗಂಟಲು ಸರಿಮಾಡಿಕೊಂಡು ಹೇಳಿದ. ಎಲ್ಲರೂ ತಲೆದೂಗಿದರು.

ಮಲಕಾಜಪ್ಪ ಆ ಖುಷಿಯಲ್ಲಿ, ಹಿರಿಯನಾದರೂ ತಾನೇ ಎದ್ದು, ಗುರಲಿಂಗಪ್ಪನ ಕಡೆ ಎಲೆ ಚಾಚಿದ. "ಬನ್ನಿ ತಗೋ ತಮ್ಮಾ, ಬಂಗಾರದಂಗ ಇರೂಣು."

ಗುರಲಿಂಗಪ್ಪ ಕೈ ನೀಡಲಿಲ್ಲ.

"ಮಂತ್ರದ ಅರ್ಥ ಎಲ್ಲಾರಿಗೂ ಹೇಳಿ ತಗೋತೀನ್ರಿ," ಎಂದ. ಜಮಖಾನೆಯ ಮೇಲೆ ಕೂತವರ ಕಡೆ ತಿರುಗಿದ. "ಇಂಗನ್ನೊ ಅಂದ್ರ, ನಾ ಮೋಸ ಮಾಡ್ತೀನಿ. ಇಂಗನ್ನಾವೊ ಅಂದ್ರ, ಮೊದಲಿಂದ ಮಾಡ್ತಿದ್ದೆ. ಇಂಗನ್ನೆರೋ ಅಂದ್ರ, ಮುಂದೂ ಮಾಡಾಂವ. ಮೂರು ತಿಂಗಳಾತು, ಸಾವಕಾರ್ರು ನಿಮ್ಮ ಮುಂದ ಒಪಗೊಳ್ಳಾಕತ್ತಾರ. ಯಾರಿಗೆ ಮಾಡಿದ್ರು ಅನ್ನೂದು ಇನ್ನೂ ಹೇಳಿಲ್ಲ."

ಹೊನವಾಡದವನೊಬ್ಬ ನಕ್ಕ, ಬೇರೆ ಯಾರೂ ನಗದ್ದನ್ನು ಕಂಡು ಬಾಯಿ ಮುಚ್ಚಿದ. ಮಲಕಾಜಪ್ಪನ ಕೈ ಹಾಗೇ ನಿಂತಿತ್ತು. "ತಗೋಲೇ, ಹಬ್ಬದ ದಿನ ಏನಿದು," ಎಂದ.

"ನಿಡೋಣಿ ಮುರಿಗೆವ್ವಗ ಏನ ಹೇಳಿದ್ರಿ?"

"ಮೂರು ಕಾರ್ಡ ಬಂದಿದ್ವು," ಎಂದ ಬುಡ್ಡೇಸಾಬ, ಗೋಡೆಗೆ ಒರಗಿದ್ದಲ್ಲಿಂದಲೇ. "ನಾ ನೋಡೀನಿ."

ಕೈ ಹಿಂದೆ ತೆಗೆದರೆ ವರ್ಷ ಹೋಯಿತು. ಮುಂದೆ ಚಾಚಿದರೆ ತೆಗೆದುಕೊಳ್ಳುವವನಿಲ್ಲ. ಮಲಕಾಜಪ್ಪ ನೆಲ ನೋಡುತ್ತ, "ಓಡಿ ಹೋಗ್ಯಾನ ಅಂತ ನಾನ ಹೇಳಿದ್ದೆ," ಎಂದ.

"ಮಂತ್ರ ಹೇಳಿದಷ್ಟು ಜೋರಾಗಿ ಹೇಳ್ರಿ."

"ಓಡಿ ಹೋಗ್ಯಾನ ಅಂತ ನಾನ ಹೇಳಿದ್ದೆ. ಸುಳ್ಳ ಹೇಳಿದ್ದೆ. ಕಾರ್ಡ ನಾನ ಮುಚ್ಚಿ ಇಟ್ಟಿದ್ದೆ."

ಆಗ ಗುರಲಿಂಗಪ್ಪ ಎಲೆ ತೆಗೆದುಕೊಂಡ. ತನ್ನ ಜೇಬಿನಲ್ಲಿ ಮುಂಜಾನೆ ಕಿತ್ತು ತಂದ ಬನ್ನಿ ಇತ್ತು. ಮಲಕಾಜಪ್ಪ ಖಾಲಿ ಅಂಗೈ ಮುಂದೆ ಮಾಡಿಕೊಂಡು, ಅದು ಬರುತ್ತದೆಂದು ಕಾದು ನಿಂತ. ಹನ್ನೆರಡು ಜನ ನೋಡಿದರು. ಗುರಲಿಂಗಪ್ಪ ತನ್ನ ಬನ್ನಿಯನ್ನು ತೆಗೆದು ಬುಡ್ಡೇಸಾಬನಿಗೆ ಕೊಟ್ಟು, ಅವನ ಕಾಲು ಮುಟ್ಟಿ ಹೊರಗೆ ನಡೆದ.

ಮರುದಿನ ಕೆಲಸಕ್ಕೆ ಬಂದ. ಪಗಾರದ ಆಳು, ಬರದೆ ಏನು ಮಾಡಿಯಾನು. ಪೆಟಿಗೆಯೊಳಗಿದ್ದ ಮೂರು ಕಾರ್ಡುಗಳು ಮೇಜಿನ ಮೇಲೆ ಬಂದು ಕೂತಿದ್ದವು; ಜೇಬಿಗೆ ಹಾಕಿಕೊಂಡ. ಮಲಕಾಜಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಗುರಲಿಂಗಪ್ಪ ಬಾಯಿ ಬಿಚ್ಚದೆ ಪಂಖಾ ತಿರುವಿದ. ಇಪ್ಪತ್ತು ಮಿನಿಟಿಗೆ ಸರಿಯಾಗಿ ಬಸ್ಸು ಎದ್ದಿತು.

"ಯಾಕಪಾ, ಇವತ್ತ ಮಂತ್ರ ಇಲ್ಲೇನು?" ಎಂದು ಹೊನವಾಡದ ಡ್ರೈವರ ಕೇಳಿದ. ಹಬ್ಬಕ್ಕೆ ತನ್ನೂರಿಗೆ ಹೋಗಿದ್ದವನು, ಪಾಪ, ಅವನಿಗೆ ಸುದ್ದಿ ಗೊತ್ತಿರಲಿಲ್ಲ.

"ಸಾವಕಾರ್ರನ್ನ ಕೇಳ್ರಿ," ಎಂದ ಗುರಲಿಂಗಪ್ಪ.